ಕಂಪವಾತಕ್ಕೊಂದು ರಕ್ತಪರೀಕ್ಷೆ: ಯಾರಿಗೆ, ಏತಕ್ಕೆ?

ನಮ್ಮ ಹಿರಿಯಣ್ಣನವರ ಹಳೆಯ ಇನ್‌ಲ್ಯಾಂಡ್ ಪತ್ರಗಳ ಕಟ್ಟೊಂದು ನನ್ನ ಟ್ರಂಕಿನಲ್ಲಿದೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ 2005ರಲ್ಲಿ ನಿವೃತ್ತರಾದ ಅವರ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಕಚೇರಿಯಲ್ಲೆಲ್ಲ ಹೆಸರಾಗಿತ್ತು. 2006ರ ಯುಗಾದಿಗೆ ಬರೆದ ಪತ್ರದಲ್ಲಿ ಆ ಅಕ್ಷರ ಹಾಗೆಯೇ ಇದೆ. ಅದೇ ವರ್ಷದ ದೀಪಾವಳಿಯ ಪತ್ರದಲ್ಲಿ ಸಾಲಿನ ಆರಂಭದ ಅಕ್ಷರ ದೊಡ್ಡದು, ಕೊನೆಯ ಅಕ್ಷರ ಸಾಸಿವೆ ಕಾಳು. ಮುಂದಿನ ವರ್ಷದ ಪತ್ರಗಳನ್ನು ಓದಬೇಕಾದರೆ ಭೂತಗನ್ನಡಿ ಬೇಕು. ಮೂವತ್ತನಾಲ್ಕು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ಈ ವ್ಯತ್ಯಾಸ ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಬಿದ್ದಾಗ ನಾನು ಮಾಡಿದ್ದೇನು? "ಅಣ್ಣಾ, ಪಿಂಚಣಿ ಬಂದ ಮೇಲೆ ಶಾಯಿಯನ್ನೂ ಉಳಿಸಲು ಹೊರಟಿರಾ?" ಎಂದು ತಮಾಷೆಯಾಗಿ ಉತ್ತರ ಬರೆದೆ. ಆ ತಮಾಷೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಕ್ಷರ ಕಿರಿದಾಗುವುದು ಪಾರ್ಕಿನ್ಸನ್ ಕಾಯಿಲೆಯ, ಅಂದರೆ ನಮ್ಮ ಹಿರಿಯರು ಕಂಪವಾತ ಎಂದು ಕರೆದ ರೋಗದ, ಮೊದಮೊದಲ ಲಕ್ಷಣಗಳಲ್ಲೊಂದು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಅಣ್ಣನಿಗೆ ಕೈ ನಡುಗುತ್ತಿರಲಿಲ್ಲವಾದ್ದರಿಂದ ವೈದ್ಯರಿಗೂ ಹೊಳೆಯಲಿಲ್ಲ. ಬಲಭುಜ ನೋವೆಂದಾಗ ಭುಜದ ಕೀಲು ಹಿಡಿದಿದೆ ಎಂದರು. ಎಣ್ಣೆ ಸ್ನಾನ, ಶಾಖ, ವ್ಯಾಯಾಮಗಳು ನಡೆದವು. ಮುಖದಲ್ಲಿ ನಗು ಮಾಯವಾದಾಗ ನಿವೃತ್ತಿಯ ಖಿನ್ನತೆ ಎಂದರು. ನಡೆಯುವಾಗ ತಡವರಿಸಿದ್ದಕ್ಕೆ ತಲೆಸುತ್ತು ಎಂದು ತಿಳಿದು ಒಬ್ಬ ವೈದ್ಯರು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್‌ನಂತಹ ಕೆಲವು ಔಷಧಿಗಳು ಕಂಪವಾತದ ಲಕ್ಷಣಗಳನ್ನು ತಾವೇ ಉಂಟುಮಾಡಬಲ್ಲವು, ಇದ್ದರೆ ಹೆಚ್ಚಿಸಬಲ್ಲವು ಎಂಬುದನ್ನು ನಾವು ತಿಳಿದದ್ದು ಬಹಳ ತಡವಾಗಿ. ಕಡೆಗೆ 2009ರಲ್ಲಿ ಬೆಂಗಳೂರಿನ ನರರೋಗ ತಜ್ಞರೊಬ್ಬರು, ಅಣ್ಣ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದ ಆ ಹತ್ತು ಹೆಜ್ಜೆಗಳಲ್ಲಿಯೇ ಬಲಗೈ ಬೀಸದಿರುವುದನ್ನು ಗಮನಿಸಿ ರೋಗವನ್ನು ಗುರುತಿಸಿದರು. ಮಾತ್ರೆ ಆರಂಭವಾದ ಒಂದೆರಡು ತಿಂಗಳಲ್ಲಿ ಅಣ್ಣ ತಮ್ಮ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಂಡರು. ಅತ್ತಿಗೆ ಅಡುಗೆಮನೆಗೆ ಹೋಗಿ ಅತ್ತರು. ಮೂರು ವರ್ಷ ವ್ಯರ್ಥವಾಗಿತ್ತು. ಮತ್ತೆ ಹತ್ತು ವರ್ಷ ಬದುಕಿ ಅಣ್ಣ 2019ರಲ್ಲಿ ತೀರಿಕೊಂಡರು.

ಈಗ ಇದೆಲ್ಲ ನೆನಪಾಗಲು ಕಾರಣ ಅಮೆರಿಕದಲ್ಲಿರುವ ಅಣ್ಣನ ಮಗ. ರಕ್ತದಲ್ಲಿರುವ ಆರ್‌ಎನ್‌ಎಯನ್ನು ಅಳೆದು ಪಾರ್ಕಿನ್ಸನ್ ಕಾಯಿಲೆಯನ್ನು ಲಕ್ಷಣಗಳಿಗೂ ಮೊದಲೇ ಪತ್ತೆಹಚ್ಚುವ ಸಂಶೋಧನೆಯ ಸುದ್ದಿಯೊಂದನ್ನು ಕಳಿಸಿ, "ಚಿಕ್ಕಪ್ಪ, ಇಂಥ ಪರೀಕ್ಷೆ ಬಂದರೆ ನೀವು ಮಾಡಿಸಿಕೊಳ್ಳುತ್ತೀರಾ? ನಾನಂತೂ ಮೊದಲ ದಿನವೇ ಸಾಲಿನಲ್ಲಿ ನಿಲ್ಲುತ್ತೇನೆ" ಎಂದು ಬರೆದಿದ್ದಾನೆ. ಅವನಿಗೆ ನಾಲ್ಕು ಸಾಲಿನ ಉತ್ತರ ಸಾಲದು. ಇಂತಹ ಪರೀಕ್ಷೆ ಬರಬೇಕು, ಬೇಗ ಬರಬೇಕು. ಆದರೆ ಅದು ಬರಬೇಕಾದದ್ದು ನಮ್ಮಣ್ಣನಂತೆ ವೈದ್ಯರಿಂದ ವೈದ್ಯರಿಗೆ ಅಲೆಯುವವರಿಗಾಗಿ, ಆರೋಗ್ಯವಂತರ ಭವಿಷ್ಯ ಹೇಳುವುದಕ್ಕಾಗಿ ಅಲ್ಲ. ಇದು ನನ್ನ ಅಭಿಪ್ರಾಯ. ಏಕೆ ಎಂಬುದನ್ನು ವಿಜ್ಞಾನದ ಮೇಷ್ಟರ ಹಳೆಯ ಅಭ್ಯಾಸದಂತೆ ಮೊದಲಿನಿಂದ ಹೇಳುತ್ತೇನೆ. ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ಕುರಿತು ಪುಟ್ಟ ಪ್ರಬಂಧವೊಂದನ್ನು ಪ್ರಕಟಿಸಿದ. ಅದರಲ್ಲಿ ಬಣ್ಣಿಸಿದ್ದು ಆರು ಜನರನ್ನು ಮಾತ್ರ. ಅವರಲ್ಲಿಯೂ ಕೆಲವರನ್ನು ಆತ ಬೀದಿಯಲ್ಲಿ ಕಂಡವನಷ್ಟೇ. ಮಿದುಳಿನ ನಡುಭಾಗದ ಕಪ್ಪು ಬಣ್ಣದ ಪುಟ್ಟ ಪ್ರದೇಶವೊಂದರಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಸಾಯುತ್ತ ಹೋಗುವುದೇ ಈ ರೋಗದ ಮೂಲ ಎಂದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಇಲ್ಲಿ ನಮ್ಮ ನೆಲದ ಎರಡು ಗಿಡಗಳನ್ನು ನೆನೆಯಲೇಬೇಕು. ಒಂದು ಸರ್ಪಗಂಧ. ಅದರಿಂದ ತೆಗೆದ ರಿಸರ್ಪಿನ್ ಎಂಬ ಔಷಧವನ್ನು ಮೊಲಗಳಿಗೆ ಕೊಟ್ಟಾಗ ಅವು ಕೊರಡಿನಂತೆ ನಿಶ್ಚಲವಾದವು. ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಮತ್ತೆ ಓಡಾಡಿದವು. 1957ರ ಸುಮಾರಿಗೆ ಈ ಪ್ರಯೋಗ ಮಾಡಿದ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇನ್ನೊಂದು ಗಿಡ ನಸುಗುನ್ನಿ. ಚಿಕ್ಕಂದಿನಲ್ಲಿ ಅದರ ಕಾಯಿಯ ರೋಮವನ್ನು ಬೆಂಚಿನ ಮೇಲೆ ಸವರಿ ಸಹಪಾಠಿಗಳನ್ನು ಕುಣಿಸಿದವರಿಗೆ ಇದರ ಪರಿಚಯ ಬೇಕಿಲ್ಲ! ಅದೇ ನಸುಗುನ್ನಿಯ ಬೀಜದಿಂದ 1937ರಲ್ಲಿ ಮದರಾಸಿನ ವಿಜ್ಞಾನಿಗಳಿಬ್ಬರು ಎಲ್-ಡೋಪಾವನ್ನು ಬೇರ್ಪಡಿಸಿದ್ದರು. ಇಂದಿಗೂ ಪಾರ್ಕಿನ್ಸನ್ ರೋಗಿಗಳ ಮುಖ್ಯ ಆಸರೆ ಎಲ್-ಡೋಪಾ ಮಾತ್ರೆಯೇ.

ಔಷಧಿ ಇದೆ ನಿಜ. ಆದರೆ ಅದು ಕೊರತೆಯನ್ನು ತುಂಬುತ್ತದೆಯೇ ಹೊರತು ಜೀವಕೋಶಗಳ ಸಾವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಬಲ್ಲದೆಂದು ಸಿದ್ಧಪಟ್ಟ ಔಷಧಿ ಈವರೆಗೆ ಒಂದೂ ಇಲ್ಲ. ಇನ್ನೊಂದು ಕಷ್ಟವೆಂದರೆ, ಕೈಕಾಲುಗಳಲ್ಲಿ ಲಕ್ಷಣ ಕಾಣುವ ಹೊತ್ತಿಗೆ ಆ ಪ್ರದೇಶದ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಜೀವಕೋಶಗಳು ಹೋಗಿರುತ್ತವೆಂದು ಅಂದಾಜು. ಮಲಬದ್ಧತೆ, ಮೂಗಿಗೆ ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುವುದು, ಇವು ಕೆಲವರಲ್ಲಿ ಹಲವು ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತವೆ. ಆದರೆ ಮಲಬದ್ಧತೆ ಇರುವ ಮುದುಕರೆಲ್ಲ ಕಂಪವಾತದವರಲ್ಲವಷ್ಟೇ? ಸಕ್ಕರೆ ಕಾಯಿಲೆಗೆ ಇರುವಂತೆ ಒಂದು ಅಂಕಿಯನ್ನು ತೋರಿಸಿ ಹೌದು ಅಥವಾ ಅಲ್ಲ ಎನ್ನುವ ಪರೀಕ್ಷೆ ಈ ರೋಗಕ್ಕೆ ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ. ವೈದ್ಯರ ಕಣ್ಣೇ ಪರೀಕ್ಷೆ. ವಿಕಿರಣ ವಸ್ತುವನ್ನು ಚುಚ್ಚಿ ತೆಗೆಯುವ ಮಿದುಳಿನ ಚಿತ್ರ ಸಹಾಯಕ್ಕಿದೆ, ದುಬಾರಿ. ರೋಗಿಗಳ ಮಿದುಳಿನಲ್ಲಿ ಗಂಟುಕಟ್ಟುವ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನನ್ನು ಬೆನ್ನುಹುರಿಯ ದ್ರವದಲ್ಲಿ ಹುಡುಕುವ ವಿಧಾನವೊಂದನ್ನು 1,123 ಜನರಲ್ಲಿ ಪರೀಕ್ಷಿಸಿದ ವರದಿ 2023ರಲ್ಲಿ ಬಂದಿತು. ರೋಗಿಗಳಲ್ಲಿ ಶೇಕಡ 87.7ರಷ್ಟು ಜನರನ್ನು ಅದು ಸರಿಯಾಗಿ ಗುರುತಿಸಿತು. ದೊಡ್ಡ ಸಾಧನೆಯೇ. ಆದರೆ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವುದಕ್ಕೆ ನಮ್ಮೂರಿನ ಎಷ್ಟು ಜನ ಒಪ್ಪಿಯಾರು? ಆದ್ದರಿಂದಲೇ ರಕ್ತದ ಮೇಲೆ ಎಲ್ಲರ ಕಣ್ಣು.

ಇನ್ನು ಆರ್‌ಎನ್‌ಎ ವಿಚಾರ. ಡಿಎನ್‌ಎ ಎಂಬುದು ಪಠ್ಯಪುಸ್ತಕವಿದ್ದಂತೆ. ಜೂನ್ ತಿಂಗಳಲ್ಲೂ ಅದೇ, ಮಾರ್ಚಿಯಲ್ಲೂ ಅದೇ. ಒಂದು ಶಾಲೆಯಲ್ಲಿ ಇವತ್ತು ಯಾವ ಪಾಠ ನಡೆಯುತ್ತಿದೆ, ಯಾವುದನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂಬುದು ಪಠ್ಯಪುಸ್ತಕ ನೋಡಿದರೆ ತಿಳಿಯದು. ಮೇಷ್ಟರ ಪಾಠ ಟಿಪ್ಪಣಿ ನೋಡಬೇಕು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಮೊದಲು ಕೇಳುತ್ತಿದ್ದದ್ದೂ ಅದನ್ನೇ. ಆರ್‌ಎನ್‌ಎ ನಮ್ಮ ಜೀವಕೋಶಗಳ ಪಾಠ ಟಿಪ್ಪಣಿ. ಡಿಎನ್‌ಎಯ ಯಾವ ಭಾಗವನ್ನು ಈಗ ಎಷ್ಟು ಬಳಸಲಾಗುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ, ದೇಹಸ್ಥಿತಿ ಬದಲಾದಂತೆ ಅದೂ ಬದಲಾಗುತ್ತದೆ. ಪ್ರೋಟೀನು ತಯಾರಿಸದೆ ಇತರ ಆರ್‌ಎನ್‌ಎಗಳ ಮೇಲ್ವಿಚಾರಣೆ ಮಾಡುವ ಮೈಕ್ರೋ ಆರ್‌ಎನ್‌ಎ ಎಂಬ ಗಿಡ್ಡ ಜಾತಿಯೂ ಇದೆ. 1993ರಲ್ಲಿ ಅದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ದೊರೆತದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು.

ರಕ್ತದ ಆರ್‌ಎನ್‌ಎಯಲ್ಲಿ ಕಂಪವಾತವನ್ನು ಹುಡುಕುವ ಪ್ರಯತ್ನ ಹೊಸದಲ್ಲ. 2007ರಲ್ಲಿಯೇ ಅಮೆರಿಕದ ವಿಜ್ಞಾನಿಗಳು 105 ಜನರ ರಕ್ತವನ್ನು ಪರೀಕ್ಷಿಸಿ, ರೋಗದ ಆರಂಭದಲ್ಲಿರುವವರಲ್ಲಿ ಕೆಲವು ವಂಶವಾಹಿಗಳ ಆರ್‌ಎನ್‌ಎ ಪ್ರಮಾಣ ಬೇರೆಯಾಗಿದೆ ಎಂದು ಪ್ರಕಟಿಸಿದ್ದರು. ಅಣ್ಣ ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ ವರ್ಷವದು. ಬಳಿಕ 2021ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂದಿತು. ಮೈಕೆಲ್ ಜೆ. ಫಾಕ್ಸ್ ಪ್ರತಿಷ್ಠಾನ 2010ರಲ್ಲಿ ಆರಂಭಿಸಿದ ಯೋಜನೆಯಲ್ಲಿ ವರ್ಷದಿಂದ ವರ್ಷಕ್ಕೆ ರಕ್ತ ಕೊಡುತ್ತ ಬಂದ 1,570 ಜನರ 4,871 ಮಾದರಿಗಳನ್ನು ಓದಿದಾಗ, ಎರಡು ಸಾವಿರಕ್ಕೂ ಹೆಚ್ಚು ವಂಶವಾಹಿಗಳಲ್ಲಿ ವ್ಯತ್ಯಾಸ ಕಂಡಿತು. ಸೋಂಕಿನ ವಿರುದ್ಧ ಮೊದಲು ಓಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಆರ್‌ಎನ್‌ಎ ಹೆಚ್ಚಾಗಿತ್ತು, ಲಿಂಫೋಸೈಟ್ ಕಣಗಳು ಕಡಿಮೆಯಾಗಿದ್ದವು.

ಅಣ್ಣನ ಮಗ ಕಳಿಸಿದ್ದು 2025ರ ಸುದ್ದಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಹರ್ಮೋನಾ ಸೋರೆಕ್ ಅವರ ತಂಡ ರಕ್ತದಲ್ಲಿ ಟ್ರಾನ್ಸ್‌ಫರ್ ಆರ್‌ಎನ್‌ಎಯ ಎರಡು ಬಗೆಯ ತುಣುಕುಗಳನ್ನು ಅಳೆಯಿತು. ಕಂಪವಾತದವರಲ್ಲಿ ಒಂದು ಬಗೆ ಏರುತ್ತದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದಿಂದ ಬರುವ ಇನ್ನೊಂದು ಬಗೆ ಇಳಿಯುತ್ತದೆ. ಎರಡರ ಅನುಪಾತವೇ ಸೂಚಕ. ಲಕ್ಷಣ ಪೂರ್ತಿಯಾಗಿ ಕಾಣಿಸಿಕೊಳ್ಳದವರನ್ನು ಆರೋಗ್ಯವಂತರಿಂದ ಬೇರ್ಪಡಿಸುವುದರಲ್ಲಿ ಈ ಅನುಪಾತಕ್ಕೆ 0.86 ಅಂಕ, ವೈದ್ಯರ ರೂಢಿಯ ಅಂಕಪಟ್ಟಿಗೆ 0.73. ಏನಿದರ ಅರ್ಥ? ಒಬ್ಬ ರೋಗಿ, ಒಬ್ಬ ಆರೋಗ್ಯವಂತ, ಹೀಗೆ ನೂರು ಜೋಡಿಗಳನ್ನು ತಂದು ನಿಲ್ಲಿಸಿದರೆ, 86 ಜೋಡಿಗಳಲ್ಲಿ ಪರೀಕ್ಷೆಯು ರೋಗಿಗೇ ಹೆಚ್ಚಿನ ಅಂಕ ಕೊಡುತ್ತದೆ. ನಾಣ್ಯ ಚಿಮ್ಮಿದರೂ 50 ಸರಿಯಾಗುತ್ತದೆ ಎಂಬುದನ್ನು ಮರೆಯಬಾರದು. ನನಗೆ ಹಿಡಿಸಿದ ಸಂಗತಿ ಬೇರೊಂದು. ಈ ಅಳತೆಗೆ ಬೇಕಾದದ್ದು ಪಿಸಿಆರ್ ಯಂತ್ರ. 2020ರ ಕೋವಿಡ್ ಕಾಲದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಿಗೂ ಬಂದ ಅದೇ ಬಗೆಯ ಯಂತ್ರ. ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಲಾಗದ ರೋಗಿಗೂ ಇಂತಹ ಪರೀಕ್ಷೆ ಎಟುಕಬಹುದೆಂಬುದು ಸಣ್ಣ ಮಾತಲ್ಲ.

ಹಾಗಿದ್ದರೆ ಅಡ್ಡಿ ಏನು? ಮೊದಲನೆಯದು, ರಕ್ತ ಮಿದುಳಲ್ಲ. ನ್ಯೂಟ್ರೋಫಿಲ್ ಕಣಗಳು ಹಲ್ಲುನೋವಿಗೂ ಏರುತ್ತವೆ, ನ್ಯುಮೋನಿಯಕ್ಕೂ ಏರುತ್ತವೆ, ಸ್ಟಿರಾಯ್ಡ್ ಮಾತ್ರೆಗೂ ಏರುತ್ತವೆ. ನೂರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ, ನಿಮ್ಮ ಮುಂದೆ ಕುಳಿತಿರುವ ಒಬ್ಬ ರೋಗಿಯಲ್ಲಿ ಕಾಣಬೇಕೆಂದಿಲ್ಲ. ತರಗತಿಯ ಸರಾಸರಿ ಅಂಕದಿಂದ ಕೊನೆಯ ಬೆಂಚಿನ ಹುಡುಗ ಪಾಸೋ ನಪಾಸೋ ಎಂದು ಹೇಳಲಾದೀತೇ? ಎರಡನೆಯದು, ಆರ್‌ಎನ್‌ಎ ಬಹಳ ನಾಜೂಕಿನ ವಸ್ತು. ರಕ್ತ ತೆಗೆದ ಕ್ಷಣದಿಂದಲೇ ಕೆಡತೊಡಗುತ್ತದೆ. ಕೆಡದಂತೆ ಹಿಡಿದಿಡುವ ರಾಸಾಯನಿಕ ತುಂಬಿದ ವಿಶೇಷ ಕೊಳವೆ ಬೇಕು, ಶೀತಲ ಪೆಟ್ಟಿಗೆ ಬೇಕು. ಒಂದು ಪ್ರಯೋಗಾಲಯದ ಫಲಿತಾಂಶ ಮತ್ತೊಂದರಲ್ಲಿ ಬಾರದಿರಲು ಇಂತಹ ಚಿಲ್ಲರೆ ಸಂಗತಿಗಳೇ ಸಾಕು. 2007ರಿಂದ ಇಷ್ಟು ವರ್ಷ ಕಳೆದರೂ ಆರ್‌ಎನ್‌ಎ ಪರೀಕ್ಷೆ ಆಸ್ಪತ್ರೆಯ ದಿನಬಳಕೆಗೆ ಬಂದಿಲ್ಲವೆಂದರೆ ವಿಜ್ಞಾನಿಗಳು ಸುಮ್ಮನೆ ಕುಳಿತಿದ್ದರೆಂದಲ್ಲ, ದಾರಿಯೇ ಅಂಥದ್ದು.

ಮೂರನೆಯ ಅಡ್ಡಿ ಲೆಕ್ಕದ್ದು. ನನ್ನ ಮಟ್ಟಿಗೆ ಇದೇ ಮುಖ್ಯ. ಅರವತ್ತು ದಾಟಿದವರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಈ ರೋಗ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಬಹಳ ಒಳ್ಳೆಯದು, ರೋಗಿಗಳಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 90 ಜನರನ್ನು ಸರಿಯಾಗಿ ಬಿಡುತ್ತದೆ ಎಂದೂ ಇಟ್ಟುಕೊಳ್ಳೋಣ. ಒಂದು ಸಾವಿರ ಹಿರಿಯರಿಗೆ ಪರೀಕ್ಷೆ ಮಾಡಿದೆವು. ಹತ್ತು ರೋಗಿಗಳಲ್ಲಿ ಒಂಬತ್ತು ಜನ ಸಿಕ್ಕರು. ಉಳಿದ 990 ಆರೋಗ್ಯವಂತರಲ್ಲಿ 99 ಜನರಿಗೂ ರೋಗವಿದೆ ಎಂದೇ ಚೀಟಿ ಬಂದಿತು! ಒಟ್ಟು 108 ಚೀಟಿಗಳಲ್ಲಿ ನಿಜವಾದದ್ದು ಒಂಬತ್ತು, ಅಂದರೆ ಹನ್ನೆರಡಕ್ಕೆ ಒಂದು. ಉಳಿದ ಹನ್ನೊಂದು ಮಂದಿ ಕೈಯಲ್ಲಿ ಕಾಫಿ ಲೋಟ ಹಿಡಿದಾಗಲೆಲ್ಲ ಅದು ನಡುಗುತ್ತಿದೆಯೇ ಎಂದು ನೋಡುತ್ತ ಬದುಕಬೇಕು. ಅದೇ ಪರೀಕ್ಷೆಯನ್ನು ವೈದ್ಯರು ಅನುಮಾನಪಟ್ಟು ಕಳಿಸಿದ ನೂರು ಜನರಿಗೆ ಮಾಡಿ. ಅವರಲ್ಲಿ 60 ಜನರಿಗೆ ನಿಜಕ್ಕೂ ರೋಗವಿದೆಯೆನ್ನಿ. ಆಗ ಬರುವ 58 ಚೀಟಿಗಳಲ್ಲಿ 54 ನಿಜ. ಪರೀಕ್ಷೆ ಅದೇ, ಯಂತ್ರ ಅದೇ. ಯಾರಿಗೆ ಮಾಡಿದೆವು ಎಂಬುದರ ಮೇಲೆ ಅದು ಉಪಕಾರವೋ ಉಪದ್ರವವೋ ಎಂಬುದು ನಿಂತಿದೆ.

ಮರೆವಿನ ರೋಗವಾದ ಆಲ್ಜೈಮರ್‌ಗೆ ಸಹಾಯಕವಾದ ಮೊದಲ ರಕ್ತಪರೀಕ್ಷೆಗೆ ಅಮೆರಿಕ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಅದು 55 ವರ್ಷ ಮೇಲ್ಪಟ್ಟು, ಈಗಾಗಲೇ ಲಕ್ಷಣಗಳಿರುವವರಿಗೆ ಮಾತ್ರ. ಈ ವಿವೇಕ ನಮ್ಮಲ್ಲಿಯೂ ಇದ್ದೀತೇ ಎಂಬುದು ನನ್ನ ಭಯ. ಹುಟ್ಟುಹಬ್ಬದ ಕೊಡುಗೆ, ಹಬ್ಬದ ರಿಯಾಯಿತಿ ಎಂದು ಅರವತ್ತು ಎಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾರುವ ಜಾಹೀರಾತುಗಳನ್ನು ದಿನವೂ ಕಾಣುತ್ತೇವೆ. ಆ ಪಟ್ಟಿಯ ಕೊನೆಯಲ್ಲಿ ಇದೊಂದು ಸೇರಲು ಎಷ್ಟು ಹೊತ್ತು? ಫಲಿತಾಂಶ ಮೊಬೈಲಿಗೆ ಬರುತ್ತದೆ, ವಿವರಿಸುವವರು ಯಾರೂ ಇರುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರಂತೂ ಕೇಳುವುದೇ ಬೇಡ. ಈ ರೋಗ ಬಹುಪಾಲು ಜನರಲ್ಲಿ ತಂದೆಯಿಂದ ಮಗನಿಗೆ ನೇರವಾಗಿ ಬರುವಂಥದ್ದಲ್ಲ ಎಂದು ಬೀಗರಿಗೆ ತಿಳಿಹೇಳುವವರು ಯಾರು?

ಪರೀಕ್ಷೆಯ ಇನ್ನೊಂದು ಉಪಯೋಗ ಕುರಿತು ಜನ ಕಡಿಮೆ ಮಾತನಾಡುತ್ತಾರೆ. ರೋಗ ಎಷ್ಟು ಮುಂದುವರಿದಿದೆ ಎಂಬುದನ್ನು ಈಗ ಅಳೆಯುವುದು ಬೆರಳು ತಟ್ಟಿಸಿ, ನಡೆಸಿ, ಕುರ್ಚಿಯಿಂದ ಏಳಿಸಿ ಕೊಡುವ ಅಂಕಗಳಿಂದ. ಅಣ್ಣನಿಗೆ ಬೆಳಿಗ್ಗೆ ಒಂದು ಅಂಕ ಬಂದರೆ, ಮಾತ್ರೆ ನುಂಗಿದ ಒಂದು ಗಂಟೆಗೆ ಮತ್ತೊಂದು. ಇಂತಹ ಅಳತೆಗೋಲು ಹಿಡಿದು, ಹೊಸ ಔಷಧಿಯೊಂದು ಜೀವಕೋಶಗಳ ಸಾವನ್ನು ನಿಧಾನಿಸುತ್ತಿದೆಯೇ ಎಂದು ತಿಳಿಯಲು ನೂರಾರು ರೋಗಿಗಳು, ಹಲವು ವರ್ಷಗಳು ಬೇಕು. ರಕ್ತದಲ್ಲಿ ನಂಬಲರ್ಹ ಅಳತೆ ಸಿಕ್ಕಿದರೆ ನಿಜವಾದ ಔಷಧಿ ಹುಡುಕುವ ದಾರಿ ಹತ್ತಿರವಾದೀತು. ಆದರೆ ಇಲ್ಲಿಯೂ ಎಚ್ಚರ ಬೇಕು. ಮಿದುಳಿನ ಆಳಕ್ಕೆ ತಂತಿ ಇಳಿಸಿ ವಿದ್ಯುತ್ ಹರಿಸುವ ಚಿಕಿತ್ಸೆಯ ನಂತರ ರಕ್ತದಲ್ಲಿ ಏರಿದ್ದ ತುಣುಕುಗಳು ಇಳಿದವು ಎಂದು ಮೇಲೆ ಹೇಳಿದ 2025ರ ಅಧ್ಯಯನ ತಿಳಿಸುತ್ತದೆ. ಆ ಚಿಕಿತ್ಸೆ ಲಕ್ಷಣಗಳನ್ನು ತಗ್ಗಿಸುತ್ತದೆ. ರೋಗವನ್ನು ನಿಲ್ಲಿಸುತ್ತದೆಂದು ಸಿದ್ಧವಾಗಿಲ್ಲ. ಹಾಗಾದರೆ ಆ ತುಣುಕುಗಳು ಅಳೆಯುತ್ತಿರುವುದು ರೋಗವನ್ನೋ, ಲಕ್ಷಣವನ್ನೋ? ಈ ಪ್ರಶ್ನೆಗೆ ಉತ್ತರ ಬರುವವರೆಗೆ ಅಳತೆಗೋಲು ಸಿಕ್ಕಿತೆಂದು ಡಂಗುರ ಸಾರುವಂತಿಲ್ಲ.

ಕೊನೆಯದಾಗಿ ಒಂದು ಮಾತು. ದೊಡ್ಡ ಅಧ್ಯಯನಗಳಲ್ಲಿ ರಕ್ತ ಕೊಟ್ಟವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಡೆಂಗಿ, ಕ್ಷಯ, ರಕ್ತಹೀನತೆ, ಹೊಟ್ಟೆಯ ಹುಳು ಇವೆಲ್ಲ ಓಡಾಡುವ ನಮ್ಮ ನಾಡಿನ ರಕ್ತದಲ್ಲಿ ಬಿಳಿ ಕಣಗಳ ಪಾಠ ಟಿಪ್ಪಣಿ ಬೇರೆಯೇ ಇರಬಹುದಲ್ಲವೇ? ಅಲ್ಲಿ ನಿಗದಿಪಡಿಸಿದ ಗೆರೆಯನ್ನು ಇಲ್ಲಿ ಹಾಗೆಯೇ ಎಳೆಯಲಾಗದು. ನಮ್ಮ ದೇಶದ ಹಲವು ನರರೋಗ ಕೇಂದ್ರಗಳು ಸೇರಿ ಭಾರತೀಯ ರೋಗಿಗಳ ಡಿಎನ್‌ಎ ಅಧ್ಯಯನದ ಯೋಜನೆಯೊಂದನ್ನು 2020ರಲ್ಲಿ ಪ್ರಕಟಿಸಿದ್ದು ಸಂತೋಷದ ವಿಷಯ. ವರ್ಷ ವರ್ಷವೂ ಅದೇ ಜನರ ರಕ್ತ ತೆಗೆದು ಆರ್‌ಎನ್‌ಎ ಓದುವ ಕೆಲಸವೂ ಆ ಪ್ರಮಾಣದಲ್ಲಿ ನಡೆಯಬೇಕು. ಸರ್ಕಾರದ ಹಣ ಹೋಗಬೇಕಾದದ್ದು ಅಲ್ಲಿಗೆ.

ನನ್ನ ಮಿತ್ರರಾದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ, "ಮೇಷ್ಟ್ರೇ, ವಾಸಿಯಾಗದ ಕಾಯಿಲೆ ಎಂದ ಮೇಲೆ ಗೊತ್ತಾಗದಿರುವುದೇ ಲೇಸು" ಎಂದರು. ಅವರ ಮಾತನ್ನು ನಾನು ಒಪ್ಪಲಾರೆ. ಅಣ್ಣನಿಗೆ ಮೂರು ವರ್ಷ ಮೊದಲೇ ತಿಳಿದಿದ್ದರೆ ರೋಗ ನಿಲ್ಲುತ್ತಿರಲಿಲ್ಲ ನಿಜ. ಆದರೆ ಕೆಡುಕು ಮಾಡುವ ಮಾತ್ರೆ ನುಂಗುತ್ತಿರಲಿಲ್ಲ, ಸೋಮಾರಿ ಎಂಬ ಮಾತು ಕೇಳುತ್ತಿರಲಿಲ್ಲ, ಗುಂಡಿ ಹಾಕಿಕೊಳ್ಳಲಾರದೆ ಮಗನ ಮದುವೆಯಲ್ಲಿ ಕೋಣೆಯೊಳಗೇ ಕುಳಿತಿರುತ್ತಿರಲಿಲ್ಲ.

ಇನ್ನು ನನ್ನ ವಿಷಯ. ಕಳೆದ ಮಾಗಿಯಲ್ಲಿ ಒಂದು ಬೆಳಿಗ್ಗೆ ನಾನು ಅಡುಗೆಮನೆಯ ಪಕ್ಕದಲ್ಲೇ ಪತ್ರಿಕೆ ಓದುತ್ತ ಕುಳಿತಿದ್ದೆ. ನನ್ನಾಕೆ ಹಿತ್ತಿಲಿನಿಂದ ಓಡಿ ಬಂದು, "ಹಾಲು ಸೀದು ಕರಕಲಾಗಿದೆ, ವಾಸನೆ ಬರಲಿಲ್ಲವೇನ್ರೀ?" ಎಂದಳು. ಬಂದಿರಲಿಲ್ಲ. ಅಂದಿನಿಂದ ಗಮನಿಸುತ್ತಿದ್ದೇನೆ, ಡಿಕಾಕ್ಷನ್ನಿನ ಘಮವೂ ಮೊದಲಿನಂತೆ ತಿಳಿಯದು. ವೈದ್ಯರು ನೋಡಿ, ವಯಸ್ಸಿಗೂ ಹೀಗಾಗುತ್ತದೆ, ಹಳೆಯ ನೆಗಡಿಗೂ ಹೀಗಾಗುತ್ತದೆ, ವರ್ಷಕ್ಕೊಮ್ಮೆ ಬನ್ನಿ, ದಿನವೂ ನಡೆಯಿರಿ ಎಂದಿದ್ದಾರೆ. ನಡೆಯುತ್ತಿದ್ದೇನೆ. ಹೀಗಿರುವಾಗ ಆ ಪರೀಕ್ಷೆ ನಾಳೆಯೇ ನಮ್ಮೂರಿಗೆ ಬಂದರೆ?

ಅಣ್ಣನ ಮಗನಿಗೆ ಹೀಗೆ ಬರೆದಿದ್ದೇನೆ: ನನ್ನ ಕೈ ಬೀಸುವುದು ನಿಂತ ದಿನ, ಅಕ್ಷರ ಕಿರಿದಾದ ದಿನ, ಆ ಪರೀಕ್ಷೆ ಸಿಗುವಂತಿದ್ದರೆ ಅಂದೇ ಮಾಡಿಸುತ್ತೇನೆ. ಬರಿಯ ಮೂಗಿನ ಕಾರಣಕ್ಕೆ ಚೀಟಿ ಪಡೆಯಲು ಹೋಗುವುದಿಲ್ಲ. ಆದರೆ ಯಾವುದಾದರೂ ಸಂಶೋಧನಾ ಕೇಂದ್ರ ನನ್ನಂತಹವರ ರಕ್ತ ಬೇಕೆಂದರೆ, ವರ್ಷಕ್ಕೊಮ್ಮೆ ಹೋಗಿ ತೋಳು ಚಾಚುತ್ತೇನೆ, ಫಲಿತಾಂಶ ಕೇಳುವುದಿಲ್ಲ. ನಿನಗೆ ನಲವತ್ತೈದು, ಲಕ್ಷಣ ಒಂದೂ ಇಲ್ಲ. ನೀನು ಸಾಲಿನಲ್ಲಿ ನಿಲ್ಲುವುದಾದರೆ ಸಂಶೋಧನೆಯ ಸಾಲಿನಲ್ಲಿ ನಿಲ್ಲು, ಮಾರಾಟದ ಸಾಲಿನಲ್ಲಿ ಬೇಡ. ಅವನಿನ್ನೂ ಉತ್ತರಿಸಿಲ್ಲ. ಒಪ್ಪಲಿಕ್ಕಿಲ್ಲ ಎಂದು ತೋರುತ್ತದೆ. ಅವನು ಅಣ್ಣನನ್ನು ಕಡೆಯ ವರ್ಷಗಳಲ್ಲಿ ಎತ್ತಿ ಕೂರಿಸಿದವನು.

ಓದುಗ ಮಿತ್ರರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರ ಹಳೆಯ ಸಹಿಯನ್ನೂ ಈಗಿನ ಸಹಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅಕ್ಷರ ಕುಗ್ಗುತ್ತ ಬಂದಿದ್ದರೆ, ನಡೆಯುವಾಗ ಒಂದು ಕೈ ಬೀಸದಿದ್ದರೆ, ನನ್ನಂತೆ ತಮಾಷೆ ಮಾಡದೆ ನರರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ. ಅದಕ್ಕೆ ಯಾವ ಹೊಸ ಪರೀಕ್ಷೆಗೂ ಕಾಯಬೇಕಾಗಿಲ್ಲ.